ಎರಡು ಸಲ ತಟ್ಟಿದರೆ ಇನ್ನೊಮ್ಮೆ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂದು ಯೋಚಿಸುವುದರಲ್ಲೇ ಬಹಳ ದಿನ ಕಳೆದವು. ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವುದು ನನ್ನ ಕೆಲಸ. ಪ್ರೀತಿಯ ವಿಷಯ ಹೇಳಲು ಹೋಗಿ ಒಬ್ಬರಿಗೆ ಅನ್ಯಾಯ ಮಾಡಿಬಿಟ್ಟೇನೋ ಎಂಬ ಅಂಜಿಕೆ ಈಗಲೂ ಇದೆ. ತಪ್ಪಿದ್ದರೆ ಕ್ಷಮಿಸಿ.

ಒಂದು ಮಧ್ಯಾಹ್ನ ನನ್ನ ಗಾಜಿನ ಕಿಟಕಿಯ ಮುಂದೆ ಒಬ್ಬರು ಬಂದು ನಿಂತರು. ಅಂಗಿಯ ತೋಳಿಗೆ ನೀಲಿ ಬಣ್ಣ ಮೆತ್ತಿತ್ತು, ಕೊರಳಿಗೆ ಮಫ್ಲರ್ ಇತ್ತು. ಕೈಯಲ್ಲಿದ್ದ ಮಕ್ಕಳ ಸ್ಲೇಟಿನಲ್ಲಿ ‘ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು’ ಎಂದು ಬರೆದಿದ್ದರು. ಕಿವಿ ಕೇಳದವರೆಂದುಕೊಂಡು ನಾನು ಕಿರುಚಿದೆ:

“ಯಾವ ಬಸ್ಸು ಬೇಕೂ? ಯಾವ ಊರಿಗೇ?”

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಅಂಗೈಯಿಂದ ಸ್ಲೇಟು ಒರೆಸಿ, ಅಚ್ಚು ಹೊಡೆದಂಥ ಅಕ್ಷರಗಳಲ್ಲಿ ಬರೆದರು: ‘ಕಿವಿ ಚೆನ್ನಾಗಿದೆ. ಹೋಗಿರೋದು ಗಂಟಲು.’

ನಾಚಿಕೆಯಿಂದ ನನ್ನ ಮುಖವೆಲ್ಲ ಬಿಸಿಯಾಯಿತು. ಅವರ ಕಣ್ಣು ನಗುತ್ತಿತ್ತು.

ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್ ಅವರು. ಗಂಟಲಿನ ಆಪರೇಷನ್ ಆದಮೇಲೆ ಧ್ವನಿ ಹೊರಡುತ್ತಿರಲಿಲ್ಲ. ಗ್ರಂಥಾಲಯದ ಸಾಹಿತ್ಯ ಸಂಜೆಯಲ್ಲಿ ಅವರದೊಂದು ಕವಿತೆ ಇತ್ತು, ಓದುವವರು ಬೇಕಿತ್ತು. ನಿಲ್ದಾಣದ ಬೋರ್ಡ್ ಬರೆಯುವಾಗ ದಿನವಿಡೀ ನನ್ನ ಧ್ವನಿ ಕೇಳಿದ್ದರಂತೆ.

ಹೆಂಡತಿ ತೀರಿಹೋದಮೇಲೆ ಅವರಿದ್ದದ್ದು ಅಕ್ಕನ ಮನೆಯಲ್ಲಿ. ಟರ್ಪೆಂಟೈನ್ ವಾಸನೆಯ ಮುಂದಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ಬಳಪದಿಂದ ಸ್ಲೇಟಿನ ಕಟ್ಟಿಗೆ ಒಂದು ಸಲ ತಟ್ಟಿದರೆ ನಿಲ್ಲಿಸಬೇಕು. ಎರಡು ಸಲ ತಟ್ಟಿದರೆ ಇನ್ನೊಮ್ಮೆ ಓದಬೇಕು. ಮೊದಲ ದಿನವೆಲ್ಲ ಬರೀ ಎರಡೇ.

‘ಅನೌನ್ಸರಮ್ಮ, ಹೀಗೆ ಓದಿದ್ರೆ ಜನ ಎದ್ದು ಬಸ್ಸಿಗೆ ಓಡ್ತಾರೆ’ ಎಂದು ಬರೆದರು.

“ಹಾಗಾದ್ರೆ ನೀವೇ ಓದ್ಕೊಳ್ಳಿ ಪೇಂಟರ್ರೇ!” ಎಂದುಬಿಟ್ಟೆ. ಆಡಿದಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಹೆಗಲು ಕುಣಿಸಿ ಸದ್ದಿಲ್ಲದೆ ನಕ್ಕರು.

ಒಳಗಿನಿಂದ ಅಕ್ಕ ಕೂಗಿದರು: “ಅವನ ಮಾತು ನಿಂತೋಯ್ತು ಅಂತ ಊರಿಗೆಲ್ಲ ಬೇಜಾರು ಕಣಮ್ಮ. ನನಗೊಬ್ಬಳಿಗೇ ಸ್ವಲ್ಪ ನೆಮ್ಮದಿ!”

ಕವಿತೆಯ ಕೊನೆ ಹೀಗಿತ್ತು:

ಬಣ್ಣ ಹಸಿಯಿದೆ, ಮುಟ್ಟಬೇಡಿ ಎಂದು
ಎಲ್ಲೆಡೆ ಬರೆದಿಟ್ಟು ಬಂದವನು ನಾನು.
ನೀನು ಬಂದು ಮುಟ್ಟು.

ಆ ಕೊನೆಯ ಸಾಲಿಗೆ ಬಂದಾಗಲೆಲ್ಲ ನನ್ನ ಧ್ವನಿ ಸಣ್ಣಗಾಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದೆ: “ಇದು ಯಾರಿಗೆ ಬರೆದಿದ್ದು? ಗೊತ್ತಿಲ್ದೆ ಹೇಗೆ ಓದ್ಲಿ?”

ಅವರು ನನ್ನನ್ನೇ ನೋಡುತ್ತ ಬಳಪ ತಿರುಗಿಸಿ, ಬರೆದರು: ‘ಮೊದಲು ಓದಿ. ಆಮೇಲೆ ಹೇಳ್ತೀನಿ.’

ನನ್ನನ್ನು ಕಳಿಸಲು ಬಾಗಿಲವರೆಗೆ ಬಂದ ಅಕ್ಕ ತಗ್ಗಿದ ದನಿಯಲ್ಲಿ ಹೇಳಿದರು: “ಹೋದವಳ ಮೇಲೆ ಬರೆದಿರ್ಬೇಕು ಬಿಡು. ಮುಂದಿನ ವಾರ ಮತ್ತೆ ಆಸ್ಪತ್ರೆಗೆ ಸೇರ್ಬೇಕು. ಅದಕ್ಕೇ ಇಷ್ಟು ಅವಸರ ಅವನಿಗೆ.”

ಸಾಹಿತ್ಯ ಸಂಜೆಯ ದಿನ ಗ್ರಂಥಾಲಯದ ಸಭಾಂಗಣದಲ್ಲಿ ಅವರು ಅಕ್ಕನ ಪಕ್ಕ, ಮೊದಲ ಸಾಲಿನಲ್ಲಿ ಕುಳಿತಿದ್ದರು. ನಾನು ಹಾಳೆ ಹಿಡಿದು ಮೈಕಿನ ಮುಂದೆ ನಿಂತೆ. ಕೊನೆಯ ಸಾಲು ಓದಿ ಮುಗಿಸಿದೆ. ಟಕ್ ಟಕ್. ಜನ ನಕ್ಕರು. ಇನ್ನೊಮ್ಮೆ ಓದಿದೆ. ಟಕ್ ಟಕ್.

ಹಾಳೆ ಮಡಚಿಬಿಟ್ಟೆ. ಸಭೆಯನ್ನು ಮರೆತು, ಮೈಕು ಬಿಟ್ಟು, ಅವರ ಕಡೆಗೇ ತಿರುಗಿ ಅಂದೆ: “ನೀನು ಬಂದು ಮುಟ್ಟು.”

ಅವರು ತಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಕೊರಳಿನ ಮಫ್ಲರ್ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು.

ಜನರ ನಡುವೆ ದಾರಿ ಮಾಡಿಕೊಂಡು ಹತ್ತಿರ ಹೋಗುವಷ್ಟರಲ್ಲಿ ಅಕ್ಕ ಆಟೋ ಕರೆಸಿದ್ದರು. ಹತ್ತುವ ಮೊದಲು ಅವರು ಸ್ಲೇಟು ತೋರಿಸಿದರು: ‘ಆಸ್ಪತ್ರೆಯಿಂದ ಬಂದು ಹೇಳ್ತೀನಿ.’ ಅಕ್ಷರಗಳು ಓರೆಯಾಗಿದ್ದವು. ಅವರ ಕೈಬರಹ ಅಂಕುಡೊಂಕಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರು ಆಸ್ಪತ್ರೆಯಿಂದ ಮರಳಲಿಲ್ಲ.

ಎಷ್ಟೋ ದಿನದ ಮೇಲೆ ಅಕ್ಕ ನನ್ನ ಕಿಟಕಿಗೆ ಬಂದರು. ಕೇಳಬಾರದೆಂದುಕೊಂಡಿದ್ದರೂ ಕೇಳಿದೆ: “ಅಕ್ಕ, ಅದು ಯಾರಿಗೆ ಅಂತ ನಿಮಗೇನಾದ್ರೂ ಹೇಳಿದ್ರಾ?”

“ನನಗೆಲ್ಲಿ ಹೇಳ್ತಾನಮ್ಮ. ಅವತ್ತು ನೀನು ಓದ್ತಿದ್ದಾಗ್ಲೇ ಅವನ ಕೈಯಲ್ಲಿ ಶಕ್ತಿ ಇರ್ಲಿಲ್ಲ. ಬಳಪ ಕೆಳಗೆ ಬಿದ್ದಿತ್ತು, ನಾನೇ ಕುರ್ಚಿ ಕೆಳಗಿಂದ ಎತ್ಕೊಟ್ಟೆ.”

“ಯಾವಾಗ ಅಕ್ಕ? ಮೂರನೇ ಸಲ ಓದೋಕೆ ಮುಂಚೆನೋ, ಆಮೇಲೋ?”

ಅಕ್ಕ ನೆನಪಿಸಿಕೊಳ್ಳಲು ನೋಡಿದರು. “ನನ್ನ ಕಣ್ಣು ನಿನ್ನ ಮೇಲಿತ್ತಮ್ಮ” ಎಂದರು.

ಅವರು ತಟ್ಟದೆ ಇದ್ದದ್ದನ್ನೇ ನನ್ನ ಪ್ರಶ್ನೆಗೆ ಉತ್ತರವೆಂದು ಅಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದೆ. ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ಸಾಕು ಎಂದು ಅವರೇ ಸುಮ್ಮನಾದರೋ, ಇನ್ನೊಮ್ಮೆ ಎನ್ನಲು ಕೈಯಲ್ಲಿ ಬಳಪವೇ ಇರಲಿಲ್ಲವೋ, ನನಗೆ ಗೊತ್ತಿಲ್ಲ.