ಕೊನೆಯ ಪೆಟ್ಟು ಮೊದಲು

"ನೋಡಪ್ಪಾ, ಇದು ನಿನ್ನ ಗಾಡಿಯ ಮೂಲೆ. ಇದು ನಮ್ಮ ಕಾರಿನ ಮಡ್‌ಗಾರ್ಡಿಗೆ ಬಿದ್ದಿರೋ ತಗ್ಗು. ಎತ್ತರ ಸರಿಯಾಗಿ ಕೂತಿದೆ," ಅಂದ ಅಪ್ಪ. ಅವನ ಕೈಯಲ್ಲಿ ಅಮ್ಮನ ಹೊಲಿಗೆ ಟೇಪು ಇತ್ತು. ಗಾಡಿಯನ್ನೂ ಅಳೆದಿದ್ದ, ಕಾರನ್ನೂ ಅಳೆದಿದ್ದ.

ತರಕಾರಿ ಗಾಡಿಯವನು ಟವೆಲಿನಿಂದ ಮುಖ ಒರೆಸಿಕೊಂಡ. "ಸಾರ್, ನಾನು ಗೇಟಿನ ಹೊರಗೇ ತಿರುಗಿಸ್ಕೊಂಡು ಹೋದೆ. ನಿಮ್ಮ ಕಾರಿಗೆ ತಾಗೇ ಇಲ್ಲ."

"ನನ್ನ ಮಗಳು ಕಣ್ಣಾರೆ ನೋಡಿದಾಳೆ."

ಗಾಡಿಯವನು ಅವಳ ಕಡೆ ತಿರುಗಿದ. ಅವಳನ್ನು ಮನೆಯಲ್ಲಿ ಎಲ್ಲರೂ ಸೂಜಿ ಅನ್ನುತ್ತಿದ್ದರು. ಸೂಜಿಮೆಣಸಿನ ಹಾಗೆ ಗಾತ್ರದಲ್ಲಿ ಚಿಕ್ಕವಳು, ಬಾಯಿ ಜೋರು. ಆ ಬಾಯಿ ಈಗ ಮುಚ್ಚಿತ್ತು. ಅವಳು ಗಾಡಿಯ ಮೇಲಿದ್ದ ಒಂದು ಟೊಮೇಟೊವನ್ನೇ ನೋಡುತ್ತಿದ್ದಳು.

ನಾಳೆಯಿಂದ ಈ ಬೀದಿಗೆ ಬರುವುದು ಬೇಡ ಎಂದು ಅಪ್ಪ ಹೇಳಿದ. ಗಾಡಿಯವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಗಾಡಿ ತಳ್ಳಿದ. ಬೀದಿಯ ಮಕ್ಕಳು ಅವನಿಗೆ ಲೌಡ್‌ಸ್ಪೀಕರ್ ಎಂದು ಹೆಸರಿಟ್ಟಿದ್ದರು. ಅವನು ಒಮ್ಮೆ ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತು. ಅವತ್ತು ಮಾತ್ರ ಬೀದಿಯ ಕೊನೆಯ ತನಕ ಗಾಡಿಯ ಚಕ್ರದ ಕಿರ್ ಕಿರ್ ಅಷ್ಟೇ.

ದಿನಾ ಬೆಳಿಗ್ಗೆ ಅವನು ಸೂಜಿಯ ಕೈಗೆ ಒಂದು ಹಸಿ ಬಟಾಣಿ ಕಾಯಿ ಹಾಕುತ್ತಿದ್ದ. ಅಂಥವನ ಮೇಲೆ ಅವಳು ಸುಳ್ಳು ಹೇಳಿದ್ದಳು. ಕಾರಿಗೆ ಗುದ್ದಿದ್ದು ಅವನ ಗಾಡಿಯಲ್ಲ. ತಪ್ಪೆಲ್ಲ ಅವಳದೇ. ಯಾರು ಮಾಡಿದ್ದು ಎಂದು ಅಪ್ಪ ಕೇಳಿದಾಗ ಬೀದಿಯಲ್ಲಿ ಅವನ ಕೂಗು ಕೇಳಿಸುತ್ತಿತ್ತು. ಬಾಯಿಗೆ ಬಂದದ್ದು ಅವನೇ.

ಮಾರನೆಯ ದಿನ ಬೀದಿ ಸಪ್ಪಗಿತ್ತು. ಅಮ್ಮ ಎರಡು ಚೀಲ ಹಿಡಿದು ಮಾರ್ಕೆಟ್ಟಿಗೆ ನಡೆದು ಹೋದಳು. ಬರುವಾಗ ಕಾಲುನೋವು ತಂದಳು. ಮೂರನೆಯ ದಿನವೂ ಅಷ್ಟೇ.

ಭಾನುವಾರ ಬೆಳಿಗ್ಗೆ ಅತ್ತೆ ಬಂದಳು.

ಅತ್ತೆ ಅಪ್ಪನ ಅಕ್ಕ. ಊರಿನ ಇನ್ನೊಂದು ತುದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಅಪ್ಪನಿಗೆ ಆಫೀಸಿನಲ್ಲಿ ಯಾರ ಭಯವೂ ಇರಲಿಲ್ಲ, ಅತ್ತೆಯ ಭಯವಿತ್ತು. ಕಾರನ್ನು ರಿಪೇರಿ ಶೆಡ್ಡಿಗೆ ಕೊಡುತ್ತೇನೆ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದೇ ತಪ್ಪಾಗಿತ್ತು. ಅದು ತಾತನ ಕಾರು. ತಾತ ನಲವತ್ತು ವರ್ಷ ಟಿಂಕರಿಂಗ್ ಮಾಡಿದವನು, ಗುದ್ದಿದ ಕಾರುಗಳ ತಗಡು ನೆಟ್ಟಗೆ ಮಾಡುವ ಕೆಲಸ. ಅವನ ಕಾರಿಗೆ ಬೇರೆಯವರ ಸುತ್ತಿಗೆ ಬೀಳಬೇಕಾ ಎಂದು ಕೇಳಿ ಅತ್ತೆ ಫೋನ್ ಇಟ್ಟಿದ್ದಳು.

ಅಟ್ಟದಿಂದ ತಾತನ ಕ್ಯಾನ್ವಾಸ್ ಚೀಲ ಇಳಿಯಿತು. ತಾತ ಹೋಗಿ ಒಂದು ವರ್ಷವಾಗಿತ್ತು. ಅಷ್ಟು ದಿನ ಆ ಚೀಲವನ್ನು ಯಾರೂ ಮುಟ್ಟಿರಲಿಲ್ಲ. ಗಂಟು ಬಿಚ್ಚಿದ ಕೂಡಲೇ ಗ್ರೀಸು, ಕಬ್ಬಿಣ, ಬೀಡಿ ಎಲ್ಲ ಸೇರಿದ ವಾಸನೆ ಬಂತು. ಅತ್ತೆ ಒಂದೊಂದೇ ಹೊರಗೆ ತೆಗೆದಿಟ್ಟಳು. ಅಪ್ಪ ಚಪ್ಪಲಿ ನೋಡುತ್ತ ನಿಂತ.

ಒಂದು ಮರದ ಕೊಡತಿ, ಒಂದು ಚಿಕ್ಕ ಸುತ್ತಿಗೆ, ಸೋಪಿನಷ್ಟು ದೊಡ್ಡದಾದ ನಯವಾದ ಕಬ್ಬಿಣದ ಗಟ್ಟಿ. ಕೊಡತಿಯ ಹಿಡಿಯಲ್ಲಿ ತಾತನ ಹೆಬ್ಬೆರಳು ಕೂರುತ್ತಿದ್ದ ಕಡೆ ಮರ ಸವೆದು ಗುಳಿ ಬಿದ್ದಿತ್ತು. ಸೂಜಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಗುಳಿಯಲ್ಲಿ ಇನ್ನೂ ಅರ್ಧ ಜಾಗ ಉಳಿಯಿತು.

"ನಿಮ್ಮಪ್ಪನೂ ಇದನ್ನ ಒಂದಿನ ಹಿಡಿದಿದ್ದ," ಅಂದಳು ಅತ್ತೆ. "ಮೊದಲನೇ ಏಟೇ ಹೆಬ್ಬೆರಳಿಗೆ. ತಾತ ಹೇಳಿದ್ರು, ಮಗಾ, ನೀನು ಓದ್ಕೋ. ನಿನಗೂ ಒಳ್ಳೇದು, ತಗಡಿಗೂ ಒಳ್ಳೇದು."

ಅಪ್ಪ ನಗಲಿಲ್ಲ. ಉಪ್ಪುಕಾಗದ ತರುತ್ತೇನೆಂದು ಅಂಗಡಿಗೆ ಹೊರಟ.

ಅತ್ತೆ ಚಿಕ್ಕವಳಿದ್ದಾಗ ಶಾಲೆ ಮುಗಿಸಿ ತಾತನ ಶೆಡ್ಡಿಗೇ ಹೋಗುತ್ತಿದ್ದಳಂತೆ. ಹಳೇ ಟೈರಿನ ಮೇಲೆ ಕೂತು ಹೋಂವರ್ಕ್ ಬರೆಯುತ್ತ, ತಾತ ಕೈ ಚಾಚಿದಾಗ ಸುತ್ತಿಗೆ ಕೊಡುತ್ತ ಬೆಳೆದವಳು. ಡೆಂಟ್ ತಂದ ಪ್ರತಿಯೊಬ್ಬನೂ ಒಂದು ಕತೆ ತರುತ್ತಿದ್ದ. ಯಾರದೂ ತಪ್ಪಿರುತ್ತಿರಲಿಲ್ಲ. ಒಬ್ಬ, ನಿಂತಿದ್ದ ಕಾರಿಗೆ ಎಮ್ಮೆ ಬಂದು ಗುದ್ದಿತು ಅಂದನಂತೆ. ತಾತ ಅಂಗೈಯಿಂದ ಡೆಂಟು ಸವರಿ ನೋಡಿ ಮೆಲ್ಲಗೆ ಕೇಳಿದನಂತೆ, "ಸ್ವಾಮೀ, ಆ ಎಮ್ಮೆಗೆ ಹೆಡ್‌ಲೈಟ್ ಇತ್ತಾ?"

ಸೂಜಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

ಅತ್ತೆ ಈಗ ಅದೇ ರೀತಿ ಕಣ್ಣು ಮುಚ್ಚಿ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಗುತ್ತದೆ ಎಂದಳು. ಆಮೇಲೆ ಉಗುರಿನಿಂದ ಒಂದು ಮಡಿಕೆಯನ್ನು ಕೆರೆದಳು. ಬಿಳಿ ಪುಡಿ ಉದುರಿತು. ಅತ್ತೆ ಗೇಟಿನ ಕಂಬದ ಕಡೆ ನೋಡಿದಳು. ಕಂಬಕ್ಕೆ ಬಳಿದಿದ್ದದ್ದು ಬಿಳಿ ಸುಣ್ಣ. ಅವಳು ಕಾರಿನ ಡಿಕ್ಕಿ ತೆರೆದು, ಬದಿಯ ರಟ್ಟು ಸರಿಸಿ, ಒಳಗೆ ಟಾರ್ಚು ಬಿಟ್ಟಳು.

ಸೂಜಿ ಕೊಡತಿಯ ಗುಳಿಯನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದಳು.

"ಯೂನಿಫಾರ್ಮ್ ಹಾಕ್ಕೊಳ್ಳೋವಾಗ ಮೊದಲು ಸಾಕ್ಸ್, ಆಮೇಲೆ ಶೂ," ಅಂದಳು ಅತ್ತೆ ಡಿಕ್ಕಿಯೊಳಗಿಂದಲೇ. "ಬಿಚ್ಚೋವಾಗ?"

"ಮೊದಲು ಶೂ."

"ತಗಡೂ ಹಾಗೇನೆ. ಕೊನೆಗೆ ಬಿದ್ದ ಪೆಟ್ಟನ್ನ ಮೊದಲು ತೆಗೀಬೇಕು. ಮೊದಲು ಬಿದ್ದದ್ದು ಕೊನೆಗೆ. ಅದು ಬಿಟ್ಟು ನಡುಮಧ್ಯಕ್ಕೆ ಬಾರಿಸಿದ್ರೆ ತಗಡು ಹಿಗ್ಗಿಬಿಡುತ್ತೆ. ಆಮೇಲೆ ಯಾವ ತಾತ ಎದ್ದು ಬಂದ್ರೂ ಆಗಲ್ಲ." ಅತ್ತೆ ತಲೆ ಹೊರಗೆ ತೆಗೆದಳು. "ಇಲ್ಲಿ ಒಳಗಿನಿಂದ ನಾಕು ಏಟು ಬಿದ್ದಿದೆ. ತರಕಾರಿ ಗಾಡಿ ಡಿಕ್ಕಿಯೊಳಗೆ ಹತ್ತಿ ಕೂತು ಹೊಡೀತಾ?"

ಕಾಗೆಯೊಂದು ಗೇಟಿನ ಮೇಲೆ ಕೂತು ಹಾರಿಹೋಯಿತು. ಸೂಜಿ ಕೊಡತಿಯ ಗುಳಿಯನ್ನು ಉಜ್ಜುತ್ತಲೇ ಇದ್ದಳು.

"ನನಗೆ ಬೈಯೋಕೆ ಪುರುಸೊತ್ತಿಲ್ಲ," ಅಂದಳು ಅತ್ತೆ. "ಎರಡು ಗಂಟೆಯ ಬಸ್ಸು ಹಿಡೀಬೇಕು. ನನಗೆ ಬೇಕಾಗಿರೋದು ಪೆಟ್ಟು ಬಿದ್ದ ವರಸೆ ಮಾತ್ರ. ಕೊನೆಯಿಂದ ಹೇಳು."

ಮೊದಲಿನಿಂದ ಹೇಳು ಅಂದಿದ್ದರೆ ಸೂಜಿಗೆ ಆಗುತ್ತಿರಲಿಲ್ಲ. ಎಷ್ಟೋ ಸಲ ಪ್ರಯತ್ನಿಸಿ, ಮೊದಲ ಮಾತಿನಲ್ಲೇ ಬಿಟ್ಟಿದ್ದಳು. ಕೊನೆಯಿಂದ ಅನ್ನುವುದು ಸ್ವಲ್ಪ ಹಗುರ.

"ಕಲ್ಲು," ಅಂದಳು. "ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಇತ್ತಲ್ಲ, ಆ ಉರುಟು ಕಲ್ಲು. ಡಿಕ್ಕಿಯೊಳಗೆ ಇಳಿದು ಅದರಲ್ಲಿ ಹೊಡೆದೆ. ತಗ್ಗು ಹೊರಕ್ಕೆ ಬರುತ್ತೆ ಅಂದ್ಕೊಂಡೆ."

ಅತ್ತೆ ತಲೆಯಾಡಿಸಿದಳು. ಕಬ್ಬಿಣದ ಗಟ್ಟಿಯನ್ನು ಒಳಗಿನಿಂದ ಒತ್ತಿ ಹಿಡಿಯಲು ಸೂಜಿಗೆ ಹೇಳಿ, ಹೊರಗೆ ಎದ್ದಿದ್ದ ನಾಲ್ಕು ಗುಳ್ಳೆಗಳನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ಕೂರಿಸಿದಳು. ಪ್ರತಿ ಏಟೂ ಸೂಜಿಯ ಮೊಣಕೈ ತನಕ ಬಂತು.

"ಅದಕ್ಕೆ ಮುಂಚೆ?"

ಚಕ್ರದ ಮೇಲಿನ ಅಂಚು ಮಡಚಿಕೊಂಡು ಟೈರಿಗೆ ತಾಗುತ್ತಿತ್ತು. ಅದಕ್ಕೂ ಮುಂಚೆ ಕಂಬ. ಕಾರು ಹಿಂದಕ್ಕೆ ಜಾರಿ ಕಂಬಕ್ಕೆ ಗುದ್ದಿತ್ತು. ಅತ್ತೆ ಅಂಚನ್ನು ಬಿಡಿಸಿದಳು. ಆಮೇಲೆ ಕೊಡತಿ ತೆಗೆದುಕೊಂಡು ದೊಡ್ಡ ತಗ್ಗಿನ ಸುತ್ತ ಅಂಚಿನಿಂದ ಒಳಕ್ಕೆ, ಬಾಗಿಲು ತಟ್ಟುವಷ್ಟು ಮೆಲ್ಲಗೆ ತಟ್ಟುತ್ತ ಬಂದಳು.

"ಕಂಬಕ್ಕೂ ಮುಂಚೆ?"

"ಹ್ಯಾಂಡ್‌ಬ್ರೇಕ್. ಮೊಣಕಾಲು ತಾಗಿ ಇಳಿದುಬಿಡ್ತು. ಬೇಕಂತ ಮಾಡಲಿಲ್ಲ."

"ಅದಕ್ಕೂ ಮುಂಚೆ? ಕಾರಿನೊಳಗೆ ನಿನಗೇನು ಕೆಲಸ?"

ಸೂಜಿ ಮುಂದಿನ ಸೀಟಿನ ಕಡೆ ನೋಡಿದಳು. ತಾತ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಂತ ಕಾರಿನಲ್ಲೇ ಸ್ಟೀರಿಂಗ್ ಕೊಡುತ್ತಿದ್ದ. ಎಲ್ಲಿಗೆ ಹೋಗೋಣ ಮೇಡಂ ಎಂದು ಅವನೇ ಕೇಳುತ್ತಿದ್ದ, ಬಾಯಲ್ಲೇ ಸದ್ದು ಮಾಡಿ ಗೇರ್ ಬದಲಿಸುತ್ತಿದ್ದ. ಸೀಟಿನ ಮೇಲುಗಡೆ ಅವನು ತಲೆ ಇಡುತ್ತಿದ್ದ ಕಡೆ ಎಣ್ಣೆಯ ಒಂದು ಕಲೆ ಇತ್ತು.

"ವಾಸನೆ ನೋಡೋಕೆ," ಅಂದಳು. "ಸೀಟಲ್ಲಿ ಇನ್ನೂ ತಾತನ ವಾಸನೆ ಇದೆ. ಕಿಟಕಿ ತೆಗೆದು ತೆಗೆದು ಕಡಿಮೆ ಆಗ್ತಾ ಇದೆ."

ಅತ್ತೆಯ ಕೊಡತಿ ನಿಂತಿತು. ಮರುಕ್ಷಣ ಮತ್ತೆ ಬಿತ್ತು. ಟಪ್ ಎಂದು ಸದ್ದಾಯಿತು. ದೊಡ್ಡ ತಗ್ಗು ತಾನಾಗಿಯೇ ಎದ್ದು ನಿಂತಿತು.

ಸೂಜಿ ತಲೆ ಎತ್ತಿದಾಗ ಗೇಟಿನ ಹತ್ತಿರ ಅಪ್ಪ ಉಪ್ಪುಕಾಗದ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕಾಗದ ಅವನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

"ಇನ್ನೇನಾದ್ರೂ ಉಳೀತಾ?" ಅತ್ತೆ ಕೇಳಿದಳು. ಉಪಕರಣಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದಳು.

ಸೂಜಿ ಒಂದೊಂದಾಗಿ ಎಣಿಸಿಕೊಂಡಳು. ಕಲ್ಲು, ಅಂಚು, ಕಂಬ, ಬ್ರೇಕು. ಎಣಿಸಿ ಮತ್ತೆ ಕಲ್ಲಿಗೇ ಬಂದು ನಿಂತಳು. ಕಲ್ಲು ಕೊನೆಯದಲ್ಲ. ಕಲ್ಲಿನ ನಂತರ ಇನ್ನೊಂದು ಏಟು ಬಿದ್ದಿತ್ತು. ಅದು ಕಾರಿಗೆ ಬಿದ್ದದ್ದಲ್ಲ.

ಎರಡು ಬೀದಿ ಆಚೆಯಿಂದ ಕೂಗು ಕೇಳಿಸುತ್ತಿತ್ತು. ಸೊಪ್ಪು, ಟೊಮೇಟೊ, ಬಟಾಣಿ.

ಅಪ್ಪ ಉಪ್ಪುಕಾಗದವನ್ನು ಬಾನೆಟ್ಟಿನ ಮೇಲಿಟ್ಟ. "ನಡಿ," ಅಂದ. "ನಾನೂ ಟೇಪ್ ಹಿಡಿದು ಅಳೆದಿದ್ದೀನಲ್ಲ."

ಗಾಡಿಯವನು ಒಬ್ಬ ಅಜ್ಜಿಗೆ ಬೀನ್ಸ್ ತೂಗುತ್ತಿದ್ದ. ಅವರನ್ನು ಕಂಡು ಗಾಡಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ. ಸೂಜಿ ಅದನ್ನು ನೋಡಿದಳು.

"ಮಾಮಾ, ನಾನು ಸುಳ್ಳು ಹೇಳಿದೆ," ಅಂದಳು. "ನಿಮ್ಮ ಗಾಡಿ ಗುದ್ದಲಿಲ್ಲ. ಗುದ್ದಿಸಿದ್ದು ನಾನು."

ತನ್ನದೂ ತಪ್ಪಾಯಿತು, ನಾಳೆಯಿಂದ ಬೀದಿಗೆ ಬಾ ಎಂದು ಅಪ್ಪನೂ ಹೇಳಿದ. ಅವನ ದನಿ ಆಫೀಸಿನ ದನಿಯಾಗಿರಲಿಲ್ಲ. ಗಾಡಿಯವನು ಇಬ್ಬರ ಮಾತನ್ನೂ ಕೇಳಿ, ಬೀನ್ಸ್ ಅಜ್ಜಿಯ ಚೀಲಕ್ಕೆ ಸುರಿದು, ತಕ್ಕಡಿ ಒರೆಸಿದ. "ಆಯ್ತು ಸಾರ್," ಅಂದ. ಅಷ್ಟೇ.

ಸೋಮವಾರ ಬೆಳಿಗ್ಗೆ ಸೂಜಿ ಸ್ಕೂಲ್ ಬ್ಯಾಗು ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದಳು. ಬಣ್ಣ ಇನ್ನೂ ಬಳಿದಿರಲಿಲ್ಲ. ಕಣ್ಣಿಗೆ ಮಡ್‌ಗಾರ್ಡು ನೆಟ್ಟಗೆ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿ ಅಂಗೈ ಆಡಿಸಿದಳು. ಒಂದು ಕಡೆ, ಅಕ್ಕಿಕಾಳಿನಷ್ಟು, ತಗಡು ಇನ್ನೂ ಉಬ್ಬಿತ್ತು.

ಕೂಗು ಬೀದಿಯ ತಿರುವಿನಲ್ಲಿ ಕೇಳಿತು. ಹತ್ತಿರ ಬಂತು. ಗೇಟಿನ ಮುಂದೆ ನಿಂತಿತು. ಅಮ್ಮ ಬುಟ್ಟಿ ಹಿಡಿದು ಹೋಗಿ ಟೊಮೇಟೊ ಆರಿಸಿದಳು. ಗಾಡಿಯವನು ಅಮ್ಮನ ಜತೆ ಮಾತಾಡಿದ, ಸೊಪ್ಪಿಗೆ ನೀರು ಚಿಮುಕಿಸಿದ, ಗಾಡಿ ತಳ್ಳಿದ. ಬಟಾಣಿಯ ರಾಶಿ ಸೂಜಿಯ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಹಾದುಹೋಯಿತು. ಅವನು ಕಾಯಿ ಕೊಡಲಿಲ್ಲ.

ಸೂಜಿ ಕೈ ಚಾಚಲಿಲ್ಲ. ಗಾಡಿಯ ಹಿಂದೆಯೇ, ಸ್ವಲ್ಪ ದೂರ ಬಿಟ್ಟು, ಸ್ಕೂಲಿನ ಕಡೆ ನಡೆದಳು. ತಿರುವಿನಲ್ಲಿ ಏರು ಬಂದಾಗ, ಅವನು ಗಾಡಿ ತಳ್ಳಲು ಬಗ್ಗಿದಾಗ, ಅವಳೂ ಹಿಂದಿನಿಂದ ಒಂದು ಕೈ ಕೊಟ್ಟಳು.