ಗೋಡೆಗೂ ಎರಡಿಂಚು ಲೂಸು

"ಬಿಡಿ."

"ಬಿಟ್ರೆ ಬೀಳುತ್ತೆ!"

"ಬೀಳಲ್ಲ. ನಾನು ಹಿಡ್ಕೊಂಡಿದೀನಿ. ನೀವು ಬಿಡಿ."

ಅವಳು ಬಿಡಲಿಲ್ಲ. ಅಡುಗೆಮನೆಯ ಗೋಡೆಯ ಹಳೇ ಕಪಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಾಲು ಗಂಟೆಯಿಂದ ನಿಂತಿದ್ದಳು. ಒಂದು ಮೊಳೆ ಕಿತ್ತು ಬಂದಿತ್ತು, ಇನ್ನೊಂದು ಹೊರಡಲು ಸಿದ್ಧವಾಗಿತ್ತು, ಒಳಗೆ ಇಪ್ಪತ್ತು ಗಾಜಿನ ಲೋಟಗಳಿದ್ದವು. ಅಮ್ಮ ಓಡಿಹೋಗಿ, ಎದುರಿನ ಕಟ್ಟಡದಲ್ಲಿ ಬಾಗಿಲು ಕೂರಿಸುತ್ತಿದ್ದ ಬಡಗಿಯನ್ನು ಕರೆತಂದಿದ್ದರು. ಈಗ ಅವನು ಅವಳ ಬೆನ್ನ ಹಿಂದೆಯೇ ನಿಂತು, ಅವಳ ಕೈಗಳ ಪಕ್ಕದಲ್ಲಿ ತನ್ನ ಕೈಗಳನ್ನಿಟ್ಟು ಕಪಾಟು ಹಿಡಿದಿದ್ದ.

ಕೊನೆಗೆ ಬಿಟ್ಟಳು. ಅವನ ತೋಳಿನ ಕೆಳಗಿನಿಂದ ನುಸುಳಿ ಹೊರಬರುವಾಗ ಒಮ್ಮೆ ತಲೆ ಎತ್ತಿ ನೋಡಿದಳು. ಅವನೂ ನೋಡಿದ. ಅಷ್ಟರಲ್ಲೇ ಅವಳ ಎದೆ ಹೊಲಿಗೆ ಯಂತ್ರದಂತೆ ಓಡತೊಡಗಿತು.

*ಛೆ, ಇಪ್ಪತ್ತೊಂಬತ್ತು ವರ್ಷ ಆಯ್ತು ನನಗೆ... ಇದೇನಿದು?*

ಬೀದಿಯ ತಿರುವಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಪುಟ್ಟ ಅಂಗಡಿ ಅವಳದು. ಬೀದಿಗೆಲ್ಲ ಅವಳು ಟೈಲರಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅದೊಂದು ಸಿಟ್ಟು ಅವಳಿಗೆ ಯಾವಾಗಲೂ ಇತ್ತು. ಇವನು ಅಕ್ಕ ಅನ್ನಲಿಲ್ಲ. ಲೋಟಗಳನ್ನು ಒಂದೊಂದಾಗಿ ಇಳಿಸುತ್ತಾ, "ಇದನ್ನ ತಗೊಳ್ಳಿ ರೀ," ಎಂದ. ಆ ಒಂದು 'ರೀ'ಗೆ ಅವಳು ಕರಗಿ ನೀರಾದಳು.

ಲೋಟಗಳು ಕೆಳಗಿಳಿದ ಮೇಲೆ ಅವನು ಉಳಿದ ಕಪಾಟುಗಳನ್ನೂ ತಟ್ಟಿ ನೋಡಿದ. ಎಲ್ಲವೂ ಒಳಗಿನಿಂದ ಹುಳ ತಿಂದು ಟೊಳ್ಳಾಗಿದ್ದವು. ಗೋಡೆ ಅಳೆದು, ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟ. ಹೊಸದಾಗಿ ಮಾಡಿಸಿದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಅಮ್ಮ ಕೇಳಿದರು. ಒಬ್ಬನೇ ಮಾಡಬೇಕು, ಎರಡು ತಿಂಗಳಾಗಬಹುದು ಎಂದ.

ಎರಡು ತಿಂಗಳು! ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವನು ಬೆಳಿಗ್ಗೆ ಒಂಬತ್ತಕ್ಕೆ ಬಂದರೆ, ತಾನು ಅಂಗಡಿಗೆ ಹೊರಡುವುದು ಹತ್ತಕ್ಕೆ. ದಿನಕ್ಕೊಂದು ಗಂಟೆ... ಕಪಾಟಿನ ಕತೆ ಹಾಗಿರಲಿ, ಆ ಗಂಟೆಗಳಿಗೇ ಬೇಕಾದರೆ ದುಡ್ಡು ಕೊಡಬಹುದಿತ್ತು.

ಆದರೆ ಅಮ್ಮ ಫೋನು ತೆಗೆದರು.

ಅಡುಗೆಮನೆ ಕ್ಯಾಬಿನೆಟ್ಟುಗಳನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಕಳಿಸಿ, ನೀವೇ ಜೋಡಿಸಿಕೊಳ್ಳಿ ಎನ್ನುವ ಆನ್‌ಲೈನ್ ಅಂಗಡಿಯೊಂದನ್ನು ಅಮ್ಮ ಮೂರು ವಾರದಿಂದ ಅಳೆದೂ ಸುರಿದೂ ನೋಡುತ್ತಿದ್ದರು. ಕೊಂಡವರು ಬರೆದ ಅಭಿಪ್ರಾಯಗಳೆಲ್ಲ ಅವರಿಗೆ ಬಾಯಿಪಾಠ. ಒಬ್ಬ ಐದು ನಕ್ಷತ್ರ ಕೊಟ್ಟು, ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ ಎಂದು ಬರೆದಿದ್ದ. ಇನ್ನೊಬ್ಬಳು ಒಂದೇ ನಕ್ಷತ್ರ ಕೊಟ್ಟಿದ್ದಳು; ಕ್ಯಾಬಿನೆಟ್ ಚೆನ್ನಾಗಿದೆಯಂತೆ, ತಂದವನು ಮಧ್ಯಾಹ್ನದ ನಿದ್ದೆ ಕೆಡಿಸಿದನಂತೆ. ರಿಯಾಯಿತಿ ಭಾನುವಾರಕ್ಕೆ ಮುಗಿಯುತ್ತಿತ್ತು. ತೆಗೆದುಕೊಳ್ಳಬೇಕೋ ಬೇಡವೋ, ನೀನೇ ಹೇಳಪ್ಪ ಎಂದು ಅಮ್ಮ ಫೋನನ್ನು ಬಡಗಿಯ ಕೈಗಿತ್ತರು.

ಅವಳು ನೆಮ್ಮದಿಯಿಂದ ಗೋಡೆಗೊರಗಿ ನಿಂತಳು. ಯಾವ ಬಡಗಿ ತಾನೇ ಪೆಟ್ಟಿಗೆಯಲ್ಲಿ ಬರುವ ಕಪಾಟನ್ನು ಹೊಗಳುತ್ತಾನೆ? ರದ್ದಿ ಅನ್ನುತ್ತಾನೆ, ನಾನೇ ಮಾಡಿಕೊಡುತ್ತೇನೆ ಅನ್ನುತ್ತಾನೆ...

ಅವನು ತುಂಬಾ ಹೊತ್ತು ನೋಡಿದ. ಹಲಗೆಯ ದಪ್ಪ ನೋಡಿದ, ಬಾಗಿಲ ಕೀಲು ನೋಡಿದ. ಮರದ ಪುಡಿ ಅಂಟಿಸಿ ಮಾಡಿದ ಹಲಗೆ ಇದು, ನೀರು ತಾಗಿದರೆ ಉಬ್ಬುತ್ತದೆ ಎಂದ. ಅವಳ ಮುಖ ಅರಳಿತು. ಆದರೆ ಸಿಂಕಿನ ಕೆಳಗೆ ಮಾತ್ರ ಪ್ಲೈವುಡ್ ಹಾಕಿಸಿಕೊಂಡರೆ, ಇಬ್ಬರ ಮನೆಗೆ ಎಂಟು ಹತ್ತು ವರ್ಷಕ್ಕೆ ಮೋಸವಿಲ್ಲ, ನನ್ನ ಕೆಲಸದ ಮೂರನೇ ಒಂದು ಭಾಗದ ಖರ್ಚಿನಲ್ಲಿ ಮುಗಿಯುತ್ತದೆ ಎಂದೂ ಸೇರಿಸಿದ.

"ಇದನ್ನೇ ತಗೊಳ್ಳಿ."

"ಅಂದ್ರೆ... ನಿಮಗೆ ಈ ಕೆಲಸ ಬೇಡ್ವಾ?" ಅವಳು ಕೇಳಿಯೇಬಿಟ್ಟಳು.

ಅವನು ನೆಲ ನೋಡಿದ. "ಬೇರೆ ಯಾರ ಮನೆಯದ್ದಾದ್ರೂ ಮಾಡ್ತೀನಿ. ಈ ಮನೆ ಕೆಲಸ ನಾನು ಒಪ್ಕೊಳ್ಳಲ್ಲ."

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಪೆಟ್ಟಿಗೆ ಬಂದಾಗ ಹೇಳಿ, ಜೋಡಿಸಲು ಬರುತ್ತೇನೆ, ಕೂಲಿ ಬೇಡ ಎಂದು ಅವನು ಬಾಗಿಲ ಬಳಿ ಹೇಳಿದ್ದು ಅವಳ ಕಿವಿಗೆ ಅರ್ಧವೇ ಬಿತ್ತು. "ಅಗತ್ಯ ಇಲ್ಲ. ನಮಗೂ ಕೈ ಇದೆ," ಎಂದು ಬಾಗಿಲು ಹಾಕಿಕೊಂಡಳು.

*ಈ ಮನೆ ಕೆಲಸ ಬೇಡವಂತೆ! ನಾನೇನು ತೋಳಿನ ಕೆಳಗೆ ನುಸುಳುವಾಗ ಕಚ್ಚಿದೆನಾ?*

ಆಮೇಲೆ ನಡೆದದ್ದೆಲ್ಲ ಸಿಟ್ಟಿನ ಕೆಲಸ. ಅವನು ಬರೆದುಕೊಟ್ಟ ಚೀಟಿಯನ್ನು ನಾಲ್ಕು ತುಂಡು ಮಾಡಿ ಬಿಸಾಡಿದಳು. ಕೊರಳಲ್ಲಿ ಸದಾ ನೇತಾಡುವ ತನ್ನ ಟೇಪು ಹಿಡಿದು, ಸ್ಟೂಲು ಹತ್ತಿ ಇಳಿದು, ತಾನೇ ಗೋಡೆ ಅಳೆದಳು. ಯಾವ ಅಗಲದ ಕ್ಯಾಬಿನೆಟ್ ಎಷ್ಟು ಬೇಕು ಎಂದು ಕೂಡಿಸಿ, ಭಾನುವಾರ ಮಧ್ಯಾಹ್ನವೇ ಆರ್ಡರ್ ಮಾಡಿದಳು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ಅಮ್ಮ ಗೊಣಗಿದರು. ಯಾರ ಮೂಗು ಎಂದು ಹೇಳಲಿಲ್ಲ.

ವಾರದ ಮೇಲೆ ಬಡಗಿ ಅವಳ ಅಂಗಡಿಗೆ ಬಂದ. ಕೈಯಲ್ಲಿ ಒಂದು ಷರ್ಟು, ಅದರಲ್ಲಿ ಒಂದು ಗುಂಡಿ ಇರಲಿಲ್ಲ. ಉಳಿದ ಗುಂಡಿಗಳೆಲ್ಲ ಗಟ್ಟಿಯಾಗಿದ್ದು, ಇದೊಂದರ ದಾರ ಮಾತ್ರ ಈಗಷ್ಟೇ ಕತ್ತರಿಸಿದಂತಿದ್ದುದನ್ನು ಬೇರೆ ದಿನವಾಗಿದ್ದರೆ ಅವಳು ಕಂಡುಹಿಡಿಯದೆ ಬಿಡುತ್ತಿರಲಿಲ್ಲ.

"ಆನ್‌ಲೈನ್‌ನಲ್ಲಿ ಹೊಸ ಷರ್ಟೇ ಅಗ್ಗಕ್ಕೆ ಸಿಗುತ್ತೆ. ಅದನ್ನೇ ತಗೊಳ್ಳಿ," ಎಂದಳು.

ಅವನು ಏನೋ ಹೇಳಲು ಬಾಯಿ ತೆರೆದ. ಸರದಿಯಲ್ಲಿ ನಿಂತ ಮೂವರು ಹೆಂಗಸರೂ ಕಿವಿ ನಿಮಿರಿಸಿದರು. ಅವನು ಬಾಯಿ ಮುಚ್ಚಿ, ಷರ್ಟು ಮಡಚಿಕೊಂಡು ಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೆ, ಗೆದ್ದವಳಿಗೇ ಅಳು ಬಂತು. ಆ ದಿನ ಒಂದು ರವಿಕೆಗೆ ಎರಡೂ ಎಡಗೈಯ ತೋಳು ಹೊಲಿದಳು.

ಪೆಟ್ಟಿಗೆಗಳು ಬಂದವು. ಒಟ್ಟು ಹದಿನಾಲ್ಕು. ಜೊತೆಗೆ ಮಾತೇ ಇಲ್ಲದ ಚಿತ್ರಗಳ ಹಾಳೆ. ಅದರಲ್ಲಿ ಒಬ್ಬ ಬೋಳುತಲೆಯ ಮನುಷ್ಯ ನಗುನಗುತ್ತಾ ಎಲ್ಲ ಜೋಡಿಸುತ್ತಿದ್ದ. ತಾಯಿ ಮಗಳಿಗೆ ಎರಡು ದಿನ ಹಿಡಿಯಿತು. ಒಂದು ಬಾಗಿಲು ತಲೆಕೆಳಗಾಯಿತು, ಬಿಚ್ಚಿ ಹಾಕಿದರು. ಏಳು ಸ್ಕ್ರೂ ಉಳಿದವು, ಅಮ್ಮ ಅವನ್ನು ಡಬ್ಬಿಗೆ ಹಾಕಿ ಲಾಭ ಅಂದರು. ಎಲ್ಲ ಸಾಲಾಗಿ ಕುಳಿತ ಮೇಲೆ ಕೊನೆಯ ಕ್ಯಾಬಿನೆಟ್ ಮಾತ್ರ ಒಳಗೆ ಹೋಗಲಿಲ್ಲ. ತಳ್ಳಿದರು, ಒದ್ದರು, ಬೈದರು. ಎರಡೇ ಎರಡು ಇಂಚು. ಕರೆಯದೆ ಬಂದ ನೆಂಟನ ಹಾಗೆ ಅದು ನಡುಮನೆಯ ಮಧ್ಯದಲ್ಲಿ ನಿಂತುಬಿಟ್ಟಿತು.

ಅವನನ್ನು ಕರೆಯುವುದಾದರೆ ತಾನು ಮನೆಯಲ್ಲೇ ಇರುವುದಿಲ್ಲ ಎಂದಳು ಅವಳು. ಹಾಗಾದರೆ ಹಾಲು ತಂದುಬಿಡು ಎಂದು ಅಮ್ಮ ಹೊರಗೆ ಕಳಿಸಿ ಫೋನು ಮಾಡಿದರು. ಹಾಲು ಹಿಡಿದು ವಾಪಸು ಬಂದಾಗ ಅವನು ಅಡುಗೆಮನೆಯಲ್ಲಿದ್ದ. ಇಸ್ತ್ರಿ ಮಾಡಿದ ಷರ್ಟು, ಒಂದು ಗುಂಡಿ ಇಲ್ಲ. ಕೈಯಲ್ಲಿ ಉಪಕರಣಗಳ ಚೀಲವೂ ಇಲ್ಲ. ಅಮ್ಮ ಕೊಟ್ಟ ಅಳತೆ ಪಟ್ಟಿಯಿಂದ ಗೋಡೆ ಅಳೆಯುತ್ತಿದ್ದ.

"ಗೋಡೆ ನೂರ ಹದಿನೆಂಟು ಇಂಚು. ನೀವು ನೂರಿಪ್ಪತ್ತು ಯಾಕೆ ಬರೆದ್ರಿ?"

"ಅಳತೆ ನೂರ ಹದಿನೆಂಟೇ ಬಂತು," ಎಂದಳು ಬಿಗುಮಾನದಿಂದ. "ಎರಡಿಂಚು ಲೂಸು ಬಿಟ್ಟೆ."

"ಲೂಸು?"

"ಬಿಡಬೇಕಲ್ಲ... ಹನ್ನೊಂದು ವರ್ಷದಿಂದ ಹೊಲಿಗೇಲಿ ಬಿಡ್ತಾ ಇದೀನಿ. ಇಲ್ದಿದ್ರೆ ಕೂತಾಗ ಎದ್ದಾಗ..." ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು.

"ಗೋಡೆ ಯಾವಾಗ ರೀ ಕೂರುತ್ತೆ?"

ಅಮ್ಮ ಹಾಲಿನ ಪ್ಯಾಕೆಟ್ಟು ಕಿತ್ತುಕೊಂಡು, ನಗು ತಡೆಯಲಾಗದೆ ಮಹಡಿಯ ಮೆಟ್ಟಿಲ ಕಡೆ ಹೋದರು. ಅವನೂ ನಕ್ಕ. ಅವಳಿಗೂ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಕೊನೆಗೆ ಅದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ನಿಮ್ಮ ಚೀಲ ಎಲ್ಲಿ? ಚೀಲ ಇಲ್ದೆ ಹೇಗೆ ಕೆಲಸ ಮಾಡ್ತೀರಿ?"

"ಕೆಲಸಕ್ಕೆ ಬಂದಿಲ್ಲ."

"ಗೊತ್ತು. ಈ ಮನೆ ಕೆಲಸ ನಿಮಗೆ ಬೇಡ. ಒಂದು ಸಲ ಹೇಳಿದ್ದು ಸಾಕು."

ಅವನು ಪಟ್ಟಿಯನ್ನು ಮೆಲ್ಲಗೆ ಸುತ್ತಿಟ್ಟ. ಕೆಲಸ ಕಲಿಸಿದ್ದು ಅವನ ತಾತ. ಮೊದಲ ದಿನವೇ ತಾತ ಹೇಳಿದ್ದ ಮಾತೊಂದಿತ್ತು: ಕೂಲಿಗೆ ಹೋದ ಮನೆಯಲ್ಲಿ ಮರ ನೋಡು, ಮನುಷ್ಯರನ್ನು ನೋಡಬೇಡ. ನಂಬಿ ಒಳಗೆ ಬಿಟ್ಟವರ ಮನೆಯ ಹುಡುಗಿಯ ಮೇಲೆ ಕಣ್ಣು ಹಾಕಿದವನಿಗೆ ಉಳಿ ಹಿಡಿಯುವ ಯೋಗ್ಯತೆ ಇಲ್ಲ. ಹದಿನೈದು ವರ್ಷ ಆ ಮಾತು ಪಾಲಿಸುವುದು ಅವನಿಗೆ ಕಷ್ಟವೇ ಆಗಿರಲಿಲ್ಲ.

"ಇಲ್ಲಿ ಕೂಲಿ ಒಪ್ಕೊಂಡಿದ್ರೆ ಎರಡು ತಿಂಗಳು ತಲೆ ತಗ್ಗಿಸ್ಕೊಂಡೇ ಇರಬೇಕಿತ್ತು," ಎಂದ. "ನನ್ನಿಂದ ಆಗ್ತಿರಲಿಲ್ಲ. ಅವತ್ತು ಕಪಾಟು ಹಿಡಿದಾಗಲೇ ನೋಡಿಬಿಟ್ಟಿದ್ದೆ."

ಅವಳು ಸಿಂಕಿನ ಅಂಚು ಹಿಡಿದು ನಿಂತಳು. ಮೂರು ವಾರದ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ. ಎಂತಹ ಪೆದ್ದ ಇವನು... ಒಂದು ಮಾತು ಆವತ್ತೇ ಹೇಳಬಾರದಿತ್ತೇ?

"ನೀವು ಬೇಡ ಅಂದಾಗ," ಎಂದಳು, "ನನ್ನನ್ನೇ ಬೇಡ ಅಂದ್ರಿ ಅನ್ಕೊಂಡೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ನನಗೆ."

"ನಿಮಗೋಸ್ಕರವೇ ಬೇಡ ಅಂದೆ. ನಿಮ್ಮನ್ನ ಇಷ್ಟಪಡ್ತೀನಿ. ಅಮ್ಮನ ಹತ್ರ ಕೇಳೋಕೆ ಮೊದಲು ನಿಮ್ಮನ್ನ ಕೇಳೋಣ ಅಂತ ಅಂಗಡಿಗೂ ಬಂದೆ. ನೀವು ಹೊಸ ಷರ್ಟು ತಗೊಳ್ಳಿ ಅಂದ್ರಿ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಹತ್ತಿರ ಬಂದು ಆ ಕೈಗಳನ್ನು ಮೆಲ್ಲಗೆ ಇಳಿಸಿದ. ಈ ಸಲ ಅವಳು ನುಸುಳಿ ತಪ್ಪಿಸಿಕೊಳ್ಳಲಿಲ್ಲ. ಅವನ ಎದೆಗೆ ಹಣೆಯಿಟ್ಟು, ಹೂಂ ಎಂದಳು. ಯಾವ ಪ್ರಶ್ನೆಗೆ ಎಂದು ಅವನು ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಗೋಡೆಯ ಸಾಲನ್ನು ನೋಡಿದರು. ಕೊನೆಯಲ್ಲಿ ಖಾಲಿ ಜಾಗ ಬಾಯಿ ತೆರೆದುಕೊಂಡಿತ್ತು. ಹೆಚ್ಚಾದ ಕ್ಯಾಬಿನೆಟ್ಟನ್ನು ಅಂಗಡಿಗೆ ಸಾಗಿಸಿ ಬಟ್ಟೆ ಇಡಲು ಬಳಸಬಹುದು, ಇಲ್ಲಿಗೆ ಸರಿಯಾದ ಅಳತೆಯದೊಂದು ತಾನೇ ಮಾಡಿಕೊಡುತ್ತೇನೆ, ಕೂಲಿಯ ಮಾತು ಎತ್ತಬಾರದು ಎಂದ ಅವನು.

"ಎಷ್ಟು ದಿನ ಬೇಕು?" ಎಂದಳು.

"ಒಂದೇ ಅಲ್ವಾ... ಬೆಳಿಗ್ಗೆ ಒಂಬತ್ತಕ್ಕೆ ಬಂದ್ರೆ ನಾಲ್ಕು ದಿನದಲ್ಲಿ ಮುಗಿಸ್ತೀನಿ."

ಅವಳು ಅವನ ಷರ್ಟಿನ ಗುಂಡಿ ಇಲ್ಲದ ಜಾಗವನ್ನು ಬೆರಳಲ್ಲಿ ಮುಚ್ಚಿ ಹಿಡಿದಳು.

"ಯಾವ ಅವಸರವೂ ಇಲ್ಲ," ಎಂದಳು. "ನಿಧಾನಕ್ಕೆ ಮಾಡು."