ಕೇಳದೆ ಬದಲಿಸಿದ ಡ್ರೈವರ್

"ನಿಮ್ಮ ಕಂಪ್ಯೂಟರಿನ ಡ್ರೈವರ್‌ಗಳೆಲ್ಲ ಓಬೀರಾಯನ ಕಾಲದವು. ಹೊಸದು ಹಾಕ್ತಿದೀನಿ. ಇನ್ನರ್ಧ ಗಂಟೆ ಆಗುತ್ತೆ, ಕೂತ್ಕೊಳಿ."

ಕಾಫಿ ಹಿಡಿದು ಬಂದ ಫೆಮ್ಕೆ ನಿಂತಲ್ಲೇ ನಿಂತಳು. "ನನ್ನ ಕೇಳಿದ್ರಾ?"

ಯೆಲ್ಮರ್ ಕೀಲಿಮಣೆಯಿಂದ ಕೈ ತೆಗೆಯಲಿಲ್ಲ. "ಈಗ ನಡುವೆ ನಿಲ್ಲಿಸೋಕಾಗಲ್ಲ..." ಎಂದಷ್ಟೇ ಅಂದ.

ಹಾರ್ಲಿಂಗನ್ ಊರಿನ ನಮ್ಮ ರಿಪೇರಿ ಕೆಫೆ ತಿಂಗಳಿಗೊಂದು ಶನಿವಾರ ಚರ್ಚಿನ ಹಜಾರದಲ್ಲಿ ನಡೆಯುತ್ತದೆ. ಕೆಟ್ಟದ್ದನ್ನು ಪುಕ್ಕಟೆ ಸರಿಮಾಡಿಕೊಡುತ್ತೇವೆ. ಕಟ್ಟಳೆ ಒಂದೇ. ತಂದವರು ಪಕ್ಕದಲ್ಲಿ ಕೂತಿರಬೇಕು, ಅವರು ಎದ್ದು ಹೋದಾಗ ಯಾರೂ ಕೈ ಹಚ್ಚಬಾರದು. ಆರು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ ಯೆಲ್ಮರ್‌ಗೆ ಅವತ್ತು ಅದೇನಾಯಿತೋ.

ಫೆಮ್ಕೆಗೆ ಕಣ್ಣು ಕಾಣುವುದಿಲ್ಲ. ಸದ್ದು ಮಾಡುತ್ತಿದ್ದ ಫ್ಯಾನ್ ಸರಿಮಾಡಿಸಲೆಂದು ಅವಳು ಕಂಪ್ಯೂಟರ್ ತಂದಿದ್ದಳು, ಅಷ್ಟೇ. ಆ ಅರ್ಧ ಗಂಟೆ ಮುಗಿದದ್ದೇ ಅವಳು ಕಂಪ್ಯೂಟರ್ ಎತ್ತಿಕೊಂಡು ಹೊರಟಳು.

'ಕುರುಡಿಗೇನು ಗೊತ್ತಾಗುತ್ತೆ ಅಂದ್ಕೊಂಡನಲ್ಲ...' ಮನೆ ತಲುಪುವವರೆಗೂ ಮನಸ್ಸು ಕುದಿಯುತ್ತಿತ್ತು.

ಮನೆಯಲ್ಲಿ ಬ್ರೈಲ್ ಪ್ರಿಂಟರ್‌ಗೆ ಹಾಳೆ ಕೊಟ್ಟಳು. ಅದು ಕಮಕ್ ಕಿಮಕ್ ಅನ್ನಲಿಲ್ಲ. ಕಂಪ್ಯೂಟರ್ ಹೇಳಿದ್ದನ್ನು ಆ ಹಳೇ ಪ್ರಿಂಟರ್‌ಗೆ ಮುಟ್ಟಿಸುತ್ತಿದ್ದ ಡ್ರೈವರ್ ಹೋಗಿ, ಅದಕ್ಕೆ ತಿಳಿಯದ ಹೊಸದು ಬಂದು ಕೂತಿತ್ತು.

ಗುಡ್ ಫ್ರೈಡೇಗೆ ಉಳಿದದ್ದು ಆರೇ ದಿನ. ಹನ್ನೊಂದು ವರ್ಷ ಚರ್ಚಿನ ಗಾಯನ ತಂಡದಲ್ಲಿ ಎಲ್ಲರ ಜೊತೆ ಹಾಡಿದವಳಿಗೆ ಅವತ್ತಿನ ಕಾರ್ಯಕ್ರಮದಲ್ಲಿ ಮೊದಲ ಸಲ ಒಬ್ಬಳೇ ಹಾಡುವ ಭಾಗ ಸಿಕ್ಕಿತ್ತು. ಸೋಮವಾರದ ಅಭ್ಯಾಸಕ್ಕೆ ಬ್ರೈಲ್‌ನಲ್ಲಿ ಸ್ವರದ ಹಾಳೆ ಇಲ್ಲದಿದ್ದರೆ ಅದು ಬೇರೆಯವರ ಪಾಲು. ಪ್ರಿಂಟರ್ ಪಕ್ಕದಲ್ಲಿ ಕೂತು ಅವಳು ಮನಸಾರೆ ಅತ್ತಳು. ಆಮೇಲೆ ಕೆಫೆಯವರಿಗೆ ಫೋನ್ ಮಾಡಿದಳು.

ಭಾನುವಾರ ಮಧ್ಯಾಹ್ನ ಯೆಲ್ಮರ್ ಅವಳ ಮನೆಗೆ ಬಂದ.

"ಕಾಫಿ ಕೊಡಲ್ಲ," ಎಂದಳು ಫೆಮ್ಕೆ. "ಏನು ಮಾಡಿದ್ರೂ ಬಾಯಿಬಿಟ್ಟು ಹೇಳಿ ಮಾಡಿ."

"ಪ್ರಿಂಟರ್‌ನ ಹೊಸ ಡ್ರೈವರ್ ತೆಗೀತಿದೀನಿ. ಹಳೇದನ್ನ ಕಂಪ್ಯೂಟರ್ ಅಳಿಸಿಲ್ಲ, ಪಕ್ಕಕ್ಕಿಟ್ಟಿದೆ. ವಾಪಸ್ ಹಾಕ್ತೀನಿ... ಇಂಟರ್‌ನೆಟ್‌ದು ಮಾತ್ರ ಹೊಸದೇ ಇರ್ಲಾ? ಹಳೇದ್ರಲ್ಲಿ ಕಳ್ಳರು ನುಗ್ಗೋಕೆ ದಾರಿ ಇತ್ತು."

ಈ ಸಲ ಕೇಳಿದ. ಫೆಮ್ಕೆಯ ಎದೆ ಸ್ವಲ್ಪ ಹಗುರಾಯಿತು.

"ಇರ್ಲಿ. ಹಳೇದೆಲ್ಲ ಕೆಟ್ಟದ್ದಲ್ಲ ಅಂತ ಈಗಲಾದ್ರೂ ತಿಳೀತಾ?"

"ತಿಳೀತು."

ಪ್ರಿಂಟರ್ ಕಟಕಟನೆ ಶುರುವಾಯಿತು. ಹಾಳೆಯ ಮೇಲೆ ಅವಳ ಬೆರಳು ಓಡಿತು. ಅವಳ ಸ್ವರಗಳು ಒಂದೂ ಬಿಡದೆ ಅಲ್ಲಿದ್ದವು. ಕಣ್ಣು ತುಂಬಿ ಬಂತು.

"ಕಾಣದವಳು, ಏನು ಮಾಡಿದ್ರೂ ನಡೆಯುತ್ತೆ ಅಂದ್ಕೊಂಡ್ರಲ್ವಾ?"

"ಇಲ್ಲ..." ಅವನು ಕೀಲಿಮಣೆಯಿಂದ ಕೈ ತೆಗೆದ. "ಫ್ಯಾನ್ ಹತ್ತೇ ನಿಮಿಷಕ್ಕೆ ಸರಿಹೋಯ್ತು. ಇನ್ನು ನೀವು ಹೊರಟುಬಿಡ್ತೀರಿ ಅನ್ನಿಸ್ತು. ಹತ್ತು ನಿಮಿಷ ನಿಮ್ಮ ಮಾತು ಕೇಳಿದ್ದೆ... ಸಾಲ್ಲಿಲ್ಲ. ಕೂರಿಸ್ಕೊಳ್ಳೋಕೆ ಇನ್ನೊಂದು ಕೆಲಸ ಹುಡುಕಿದೆ."

ಫೆಮ್ಕೆಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ಒಬ್ಬ ಗಂಡಸಿನ ಹೆದರಿಕೆಗೆ ತನ್ನ ಹಾಡೇ ಬಲಿಯಾಗುತ್ತಿತ್ತಲ್ಲ!

"ಇರಿ ಅಂತ ಹೇಳಬಹುದಿತ್ತು."

"ಧೈರ್ಯ ಬರ್ಲಿಲ್ಲ."

"ಈಗ?"

"ಶುಕ್ರವಾರ ಹಾಡು ಕೇಳೋಕೆ ಬರ್ಲಾ? ಮುಗಿದ ಮೇಲೆ ನಿಮ್ಮ ಜೊತೆ ಮನೆವರೆಗೂ ನಡೀಲಾ?"

"ಬನ್ನಿ. ಮುಂದಿನ ಸಾಲಲ್ಲಿ ಕೂತು, ಶುರುವಾಗೋ ಮುಂಚೆ ಒಂದು ಮಾತಾಡಿ."

"ಅಷ್ಟು ಜನರ ನಡುವೆ ನನ್ನ ದನಿ ಗುರುತು ಸಿಗುತ್ತಾ?"

"ನಿನ್ನೆಯಿಂದ ಆ ದನಿಯನ್ನೇ ನೆನೆಸ್ಕೊಂಡು ಬೈಯ್ತಿದೀನಿ ಯೆಲ್ಮರ್. ಇನ್ನೆಲ್ಲಿ ಮರೀಲಿ?"